ಮೂರನೆಯ ಕಕ್ಷಿ



ಧಾರ್ಮಿಕ ಸಂಸ್ಥೆಗಳಿಗೂ ಸಾರ್ವಜನಿಕ ಜೀವನಕ್ಕೂ ಕಾನೂನಿಗೂ ಇರುವ ಸಂಬಂಧವನ್ನು ಕುರಿತು ಎರಡು ದಿನಗಳ ಕಾಲ ಇಲ್ಲಿ ನಡೆಯಲಿರುವ ವಿಚಾರ ವಿನಿಮಯಕ್ಕೆ ಆಶಯದ ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಇಂಥ ಸಂದರ್ಭದಲ್ಲಿ ಈ ಕ್ಷೇತ್ರದಲ್ಲಿ ಇದುವರೆಗೆ ನಡೆದಿರುವ ವ್ಯಾಸಂಗವನ್ನೆಲ್ಲ ಸಮೀಕ್ಷಿಸಿ ಒಪ್ಪಿಸುವುದು ವಾಡಿಕೆ. ಡೆರೆಟ್ ಮತ್ತು ಡೊನಾಲ್ಡ್ ಸ್ಮಿತ್ ಮೊದಲಾದ ವಿದೇಶೀ ವಿದ್ವಾಂಸರು ಅರುವತ್ತರ ದಶಕದಲ್ಲಿ ಹಾಕಿಕೊಟ್ಟ ದಾರಿಯನ್ನು ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹಳೆಯ ಸಹಪಾಠಿಗಳು ತಮ್ಮ ಗ್ರಂಥದಲ್ಲಿ ಪರಿಶೀಲಿಸಿದ್ದಾರೆ. ಮುಜರಾಯಿ ಆಡಳಿತದ ಚರಿತ್ರೆಯನ್ನು ಪತ್ರಾಗಾರದ ಧೂಳಿನಿಂದ ಎತ್ತಿ ತೋರಿಸಿದ ಸೋದರಿಯವರು ನಾಳೆ ಬೆಳಗ್ಗೆ ಮಾತನಾಡುವವರಿದ್ದಾರೆ. ಅವರೆಲ್ಲರ ಶ್ರಮಕ್ಕೆ ನಮಸ್ಕರಿಸಿ, ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಪ್ರಶ್ನೆಯ ಕಡೆಗೆ ನೇರವಾಗಿ ನಡೆಯಲು ಅನುಮತಿಯನ್ನು ಬೇಡುತ್ತೇನೆ.

ನಮ್ಮ ಗಣರಾಜ್ಯದ ಧಾರ್ಮಿಕ ನ್ಯಾಯಶಾಸ್ತ್ರವು ಉಡುಪಿಯಲ್ಲಿ ಹುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಶ್ರೀ ಮಧ್ವಾಚಾರ್ಯರ ಪರಂಪರೆಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು ಮದರಾಸು ಸರ್ಕಾರದ ಧರ್ಮಾದಾಯ ಇಲಾಖೆಯ ವಿರುದ್ಧ ಹೂಡಿದ ವ್ಯಾಜ್ಯವು 1954ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಮುಂದೆ ತೀರ್ಮಾನವಾಯಿತು. ಹಿಂದೂ ಧರ್ಮಾದಾಯಗಳನ್ನು ಕುರಿತ ಟಾಗೋರ್ ಉಪನ್ಯಾಸಗಳಿಂದ ಪ್ರಖ್ಯಾತರಾದ ಬಿ. ಕೆ. ಮುಖರ್ಜಿಯವರು ಬರೆದ ಆ ತೀರ್ಪು, ಒಂದು ಧರ್ಮಕ್ಕೆ ಅವಶ್ಯವಾದದ್ದು ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯತಕ್ಕದ್ದೆಂದು ಸಾರಿತು. ಅಲ್ಲಿಂದೀಚೆಗೆ ನಮ್ಮ ಪಂಡಿತರ ಪಾಂಡಿತ್ಯವೂ ನ್ಯಾಯಾಲಯಗಳ ಶ್ರಮವೂ ಬಹುಪಾಲು ಆ ಒಂದು ವಾಕ್ಯದ ಸುತ್ತಲೇ ವ್ಯಯವಾಗಿವೆ. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ಗಜೇಂದ್ರಗಡ್ಕರರು ಮೂಢನಂಬಿಕೆಯಿಂದ ಬಂದು ಸೇರಿಕೊಂಡದ್ದನ್ನು ಧರ್ಮದ ತಿರುಳಿನಿಂದ ಬೇರ್ಪಡಿಸುವ ಹೊಣೆಯನ್ನು ನ್ಯಾಯಾಲಯದ ಕೈಗೆ ಕೊಟ್ಟರು. 2018ರ ಶಬರಿಮಲೆ ತೀರ್ಪಿನಲ್ಲಿ ಅದೇ ಜಿಜ್ಞಾಸೆ ಮತ್ತೆ ತಲೆಯೆತ್ತಿ, ಮರುವರ್ಷ ವಿಸ್ತೃತ ಪೀಠದೆಡೆಗೆ ಸಾಗಿತು. ಧರ್ಮದ ಸಾರವೇನೆಂಬ ಈ ದೀರ್ಘ ಮೀಮಾಂಸೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಶೀರೂರು ಮಠದ ವ್ಯಾಜ್ಯವು ಯಾವ ಕಾರಣದಿಂದ ಹುಟ್ಟಿತೆಂಬುದನ್ನು ಮರೆತದ್ದರಿಂದಲೇ ನಮ್ಮ ಶಾಸ್ತ್ರವು ದಾರಿ ತಪ್ಪಿತೆಂಬುದು ನನ್ನ ದೃಢವಾದ ನಂಬಿಕೆ.

ಅದು ಸಿದ್ಧಾಂತದಿಂದ ಹುಟ್ಟಿದ ವ್ಯಾಜ್ಯವಲ್ಲ, ಸಾಲದಿಂದ ಹುಟ್ಟಿದ್ದು. ಬಾಲ್ಯದಲ್ಲಿಯೇ ಪೀಠವನ್ನೇರಿದ ಸ್ವಾಮಿಗಳು ಪ್ರಾಪ್ತವಯಸ್ಕರಾಗಿ 1926ರಲ್ಲಿ ಆಡಳಿತವನ್ನು ವಹಿಸಿಕೊಂಡಾಗ ಮಠವು ಋಣಭಾರದಿಂದ ಬಾಗಿತ್ತು. ಅದರ ಬಹುಭಾಗವನ್ನು ಅವರು ತೀರಿಸುತ್ತಿರುವಷ್ಟರಲ್ಲಿ 1931ರ ಪರ್ಯಾಯವು ಬಂದಿತು. ಎರಡು ವರ್ಷಗಳ ಕಾಲ ಶ್ರೀಕೃಷ್ಣನ ಪೂಜಾಕೈಂಕರ್ಯವನ್ನೂ ಬಂದವರ ಭೋಜನವನ್ನೂ ಒಂದೇ ಮಠವು ಹೊರುವ ಆ ವ್ಯವಸ್ಥೆಯ ವೈಭವವನ್ನು ಕಂಡವರಿಗೆ ಅದರ ವೆಚ್ಚವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. 1946ರಲ್ಲಿ, ಮಹಾಯುದ್ಧವು ಮುಗಿದು ಎಲ್ಲವೂ ದುಬಾರಿಯಾಗಿದ್ದ ದಿನಗಳಲ್ಲಿ, ಎರಡನೆಯ ಪರ್ಯಾಯವು ಒದಗಿತು. ಸಾಲವು ಮತ್ತೆ ಏರಿತು. ಧರ್ಮಾದಾಯ ಮಂಡಳಿಯು ಪ್ರವೇಶಿಸಿತು. ಹೀಗೆ ಅನ್ನದಾನದ ಲೆಕ್ಕದಲ್ಲಿ ಮೊದಲಾದದ್ದು ಸಂವಿಧಾನದ 26ನೆಯ ಅನುಚ್ಛೇದದ ಭಾಷ್ಯದಲ್ಲಿ ಮುಕ್ತಾಯವಾಯಿತು. ಅಧಿಕಾರಿಗಳು ಮಠದೊಳಕ್ಕೆ ಅನಿರ್ಬಂಧವಾಗಿ ಪ್ರವೇಶಿಸುವ ಅಧಿಕಾರವು ಬಿದ್ದುಹೋಯಿತು. ಮಠದ ಮೇಲೆ ವಿಧಿಸಿದ ವಂತಿಗೆಯು ತೆರಿಗೆಯ ಸ್ವರೂಪದ್ದೆಂದೂ ಅದನ್ನು ಹಾಕಲು ರಾಜ್ಯಕ್ಕೆ ಅಧಿಕಾರವಿಲ್ಲವೆಂದೂ ನಿರ್ಣಯವಾಯಿತು. ಒಂದು ಕಡೆ ಪೀಠಾಧಿಪತಿಗಳು, ಇನ್ನೊಂದು ಕಡೆ ಸರ್ಕಾರ. ಆ ವಾದ ಪ್ರತಿವಾದಗಳ ನಡುವೆ, ಯಾರು ಕೊಟ್ಟ ಅಕ್ಕಿಯಿಂದ ಆ ಭೋಜನವು ನಡೆಯಿತೋ ಆ ಶಿಷ್ಯವರ್ಗಕ್ಕೂ, ಮಠದ ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲುಗಳಿಗೂ, ಪಾಕಶಾಲೆಯ ಪರಿಚಾರಕರಿಗೂ ಹೇಳುವುದೇನಾದರೂ ಇತ್ತೇ ಎಂದು ಕೇಳುವ ಸಂದರ್ಭವೇ ಬರಲಿಲ್ಲ. ಧರ್ಮವನ್ನೇ ಕೇಳಬೇಕೆಂದು ನ್ಯಾಯಮೂರ್ತಿಗಳು ಹೇಳಿದುದು ಸರಿಯೇ. ಆದರೆ ಧರ್ಮದ ಪರವಾಗಿ ಉತ್ತರ ಕೊಡತಕ್ಕವರು ಯಾರು?

ಇದೇ ನನ್ನ ಪ್ರಶ್ನೆ. ನಮ್ಮ ಕಾನೂನಿಗೆ ಧಾರ್ಮಿಕ ಸಂಸ್ಥೆಯ ವಿಷಯದಲ್ಲಿ ಎರಡೇ ಕಕ್ಷಿಗಳು ಕಾಣುತ್ತವೆ. ಮೂರನೆಯ ಕಕ್ಷಿಯು, ಯಾವುದಿಲ್ಲದೆ ಮಠವೂ ಮಸೀದಿಯೂ ಇಗರ್ಜಿಯೂ ಬರಿಯ ಕಟ್ಟಡಗಳಾಗಿ ಉಳಿಯುವುವೋ ಆ ಜನಸಮುದಾಯವು, ನ್ಯಾಯಾಲಯದ ಅಂಗಳದ ಹೊರಗೆ ನಿಂತಿದೆ.

ನಾನು ವಕೀಲಿ ವೃತ್ತಿಗೆ ಹೊಸಬನಾಗಿದ್ದಾಗ ಹಳೆಯ ಮೈಸೂರಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹಿರಿಯರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೆನು. ಒಂದು ಮಧ್ಯಾಹ್ನ ವೃದ್ಧೆಯೊಬ್ಬರು ಬಂದು, ಗತಿಸಿದ ಗಂಡನ ಹೆಸರಿನಲ್ಲಿ ನಿತ್ಯ ಅನ್ನದಾನಕ್ಕೆಂದು ಒಂದು ಮಠಕ್ಕೆ ತಾವು ಬರೆದುಕೊಟ್ಟ ಗದ್ದೆಯ ಪತ್ರವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಅನ್ನದಾನವು ನಿಂತುಹೋಗಿ ಬಹಳ ಕಾಲವಾಗಿತ್ತು. ಅದು ಮುಜರಾಯಿಗೆ ಸೇರಿದ ಸಂಸ್ಥೆಯಲ್ಲವಾದುದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಸೆಕ್ಷನ್ನೇ ಗತಿಯೆಂದೂ, ಹಿತಾಸಕ್ತಿಯುಳ್ಳವರು ಇಬ್ಬರಾದರೂ ಕೂಡಿ, ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆಯನ್ನು ಪಡೆದು ದಾವೆ ಹೂಡಬೇಕೆಂದೂ ನಮ್ಮ ಹಿರಿಯರು ಸಾವಧಾನವಾಗಿ ತಿಳಿಸಿದರು. "ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಅಮ್ಮ" ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಬ್ಬರು ಯಾರು ಬರ್ತಾರೆ, ಸ್ವಾಮಿ? ಊರೆಲ್ಲ ಮಠದ ಒಕ್ಕಲೇ. ನಾ ಕೊಟ್ಟ ಗದ್ದೆ ಭತ್ತ ಯಾರ ಎಲೆ ಮೇಲೆ ಬಿತ್ತು ಅಂತ ಕೇಳೋದಕ್ಕೆ ನಾನೊಬ್ಬಳು ಸಾಲದೆ?" ಎಂದು ಕೇಳಿದರು. ನಮ್ಮ ಹಿರಿಯರು ಬಲ್ಲವರು. ಅವರಿಂದಲೂ ಉತ್ತರ ಬರಲಿಲ್ಲ. ಆಕೆ ಪತ್ರವನ್ನು ಮತ್ತೆ ಗಂಟಿಗೆ ಕಟ್ಟಿಕೊಂಡು ಹೋದರು. 1976ರ ತಿದ್ದುಪಡಿಯು ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆಯ ಸ್ಥಾನದಲ್ಲಿ ನ್ಯಾಯಾಲಯದ ಅನುಮತಿಯನ್ನು ತಂದಿತು. ಇಬ್ಬರಿರಬೇಕೆಂಬ ನಿಯಮವು ಹಾಗೆಯೇ ಇದೆ.

ಮೂರನೆಯ ಕಕ್ಷಿಯ ಈ ಪ್ರಶ್ನೆ ನಮ್ಮ ಕಾನೂನಿಗೆ ಎಂದೂ ಹೊಳೆಯಲೇ ಇಲ್ಲವೆಂದರೆ ಅನ್ಯಾಯವಾದೀತು. 1925ರಲ್ಲಿ ಕಲ್ಕತ್ತೆಯ ಮಲ್ಲಿಕ್ ಮನೆತನದ ದೇವರ ವಿಗ್ರಹವನ್ನು ಕುರಿತ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲಿನ ಲಾರ್ಡ್ ಷಾ ಅವರು, ವಿಗ್ರಹದ ಪರವಾಗಿ ಯಾವ ಸ್ವಾರ್ಥವೂ ಇಲ್ಲದ ಪ್ರತಿನಿಧಿಯೊಬ್ಬರು ನಿಲ್ಲಬೇಕೆಂದೂ, ಆ ಮನೆತನದ ಸ್ತ್ರೀಯರನ್ನು ಕಕ್ಷಿಗಳನ್ನಾಗಿ ಸೇರಿಸಿಕೊಳ್ಳಬೇಕೆಂದೂ ವಿಧಿಸಿದರು. ದಾಯಾದಿಗಳು ಪೂಜೆಯ ಸರದಿಯ ವಿಷಯದಲ್ಲಿ ಕಾದಾಡುತ್ತಿದ್ದಾಗ, ಹೆಸರೇ ಇಲ್ಲದಂತಿದ್ದ ಆ ಹೆಂಗಸರೂ ಪೂಜೆ ಮಾಡತಕ್ಕವರೇ ಎಂಬುದು ಲಂಡನ್ನಿನಲ್ಲಿ ಕುಳಿತಿದ್ದವರ ನೆನಪಿಗೆ ಬಂದಿತು. ದೇವರಿಗೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿತ್ವವುಂಟೆಂಬ ಮಾತಿಗಾಗಿ ಆ ತೀರ್ಪನ್ನು ನಾವು ಇಂದಿಗೂ ಉದಾಹರಿಸುತ್ತೇವೆ. ಆ ಸ್ತ್ರೀಯರನ್ನು ಕುರಿತ ಮಾತನ್ನು ಉದಾಹರಿಸಿದವರನ್ನು ನಾನು ಕಂಡದ್ದು ವಿರಳ.

ಮೂರನೆಯ ಕಕ್ಷಿಯನ್ನು ಕಾಣದಿದ್ದರೆ ಏನಾಗುವುದೆಂಬುದಕ್ಕೆ ದಾವೂದಿ ಬೋಹ್ರಾ ಸಮಾಜದ ಪ್ರಕರಣವೇ ಸಾಕ್ಷಿ. ಯಾರನ್ನೂ ಧಾರ್ಮಿಕ ಸಮಾಜದಿಂದ ಬಹಿಷ್ಕರಿಸಕೂಡದೆಂದು ಮುಂಬಯಿ ಪ್ರಾಂತ್ಯವು 1949ರಲ್ಲಿ ಮಾಡಿದ ಕಾಯಿದೆಯನ್ನು 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಧಾರ್ಮಿಕ ವಿಷಯಗಳನ್ನು ತಾನೇ ನಡೆಸಿಕೊಳ್ಳುವ ಸಂಸ್ಥೆಯ ಹಕ್ಕಿಗೆ ಧಕ್ಕೆಯಾಯಿತೆಂದು ತಳ್ಳಿಹಾಕಿತು. ಮಸೀದಿಯನ್ನೂ ಕಬರಸ್ತಾನವನ್ನೂ ಕಳೆದುಕೊಂಡು ಬಾಳುವ ಬಹಿಷ್ಕೃತನ ಮಾನವ ಘನತೆಯನ್ನು ನೆನೆದು ಭಿನ್ನಮತವನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಒಬ್ಬರೇ. ಅವರು ಕೇಳಿದ್ದು ಬಹಿಷ್ಕಾರವು ಧರ್ಮದ ಸಾರವೇ ಎಂಬುದಕ್ಕಿಂತ ಆಳವಾದ ಪ್ರಶ್ನೆಯನ್ನು. ಸಂಸ್ಥೆಗೆ ಹಕ್ಕುಂಟು, ಸಂಸ್ಥೆಯೊಳಗಿನ ಮನುಷ್ಯನಿಗೆ ಸಂಸ್ಥೆಯ ಎದುರಿನಲ್ಲಿ ಹಕ್ಕುಂಟೇ? ಅರುವತ್ತು ವರ್ಷಗಳು ಕಳೆದ ಮೇಲೆ, 2023ರಲ್ಲಿ, ನ್ಯಾಯಾಲಯವು ಅದನ್ನು ಮತ್ತೆ ದೊಡ್ಡ ಪೀಠದ ವಿಚಾರಣೆಗೆ ಒಪ್ಪಿಸಿತು. ಈ ಪ್ರಕರಣವನ್ನೇ ಅಧ್ಯಯನದ ವಿಷಯವಾಗಿಸಿಕೊಂಡ ತರುಣ ಮಿತ್ರರೊಬ್ಬರು ಆ ಮೂಲೆಯಲ್ಲಿ ಕುಳಿತಿದ್ದಾರೆ. ನನಗಿಂತ ಹೆಚ್ಚು ಬಲ್ಲವರಾದ ಅವರಿಂದ ನಾನು ಕಲಿಯಬೇಕಾಗಿದೆ.

ಎಡನೀರು ಮಠದ ಶ್ರೀ ಕೇಶವಾನಂದ ಭಾರತಿಗಳ ಹೆಸರು ಇಂದು ದೇಶದ ಸಂವಿಧಾನದ ಮೂಲಸ್ವರೂಪಕ್ಕೇ ಪರ್ಯಾಯನಾಮವಾಗಿದೆ. ಕಾಸರಗೋಡಿನ ಕನ್ನಡ ನೆಲದ ಆ ಮಠದ ಜಮೀನುಗಳು ಕೇರಳದ ಭೂಸುಧಾರಣೆಗೆ ಸಿಕ್ಕಿದ್ದರಿಂದ ಮೊದಲಾದ ವ್ಯಾಜ್ಯದಲ್ಲಿ ಹದಿಮೂರು ಮಂದಿ ನ್ಯಾಯಮೂರ್ತಿಗಳು 1973ರ ಏಪ್ರಿಲ್ 24ರಂದು ಏಳಕ್ಕೆ ಆರರಂತೆ ತೀರ್ಪಿತ್ತರು. ಅದರ ಮಹತ್ತ್ವವನ್ನು ಒಪ್ಪುವುದರಲ್ಲಿ ನಾನು ಯಾರಿಗೂ ಹಿಂದಲ್ಲ. ಆದರೂ ಮಠದ ಭೂಮಿಯು ಒಕ್ಕಲಿನ ಕೈಗೆ ಹೋದರೆ ಮಠದ ದೀಪವು ಆರುವುದೇ ಎಂಬ ಪ್ರಶ್ನೆಯೂ, ಆ ಒಕ್ಕಲೇ ಮಠದ ಭಕ್ತನೂ ಆಗಿದ್ದರೆ ಏನೆಂಬ ಪ್ರಶ್ನೆಯೂ ಆ ಮಹಾಗ್ರಂಥದಂಥ ತೀರ್ಪಿನಲ್ಲಿ ಕಣ್ಮರೆಯಾದುವು. ನಮ್ಮಲ್ಲಿಯೂ 1974ರ ಭೂಸುಧಾರಣೆಯ ತರುವಾಯ ಗೇಣಿಯ ಭೂಮಿಯನ್ನು ಕಳೆದುಕೊಂಡ ಎಷ್ಟೋ ದೇವಾಲಯಗಳಲ್ಲಿ ನೈವೇದ್ಯವು ಸರ್ಕಾರದ ತಸ್ತೀಕಿನ ಅಲ್ಪ ಹಣವನ್ನು ಕಾಯುತ್ತ ಕುಳಿತದ್ದನ್ನು ಬಲ್ಲವರು ಈ ಸಭೆಯಲ್ಲಿದ್ದಾರೆ. ಭೂಮಿಯನ್ನು ಪಡೆದ ಒಕ್ಕಲು ಸುಖಿಯಾದನೆಂಬುದನ್ನೂ ಅವರು ಬಲ್ಲರು. ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯಬಲ್ಲ ಶಾಸ್ತ್ರವೊಂದನ್ನು ನಾವು ಇನ್ನೂ ಕಟ್ಟಿಲ್ಲ.

ನನ್ನ ಮಾತುಗಳನ್ನು ಮಠಗಳ ಮೇಲಣ ಆಕ್ಷೇಪವೆಂದು ಯಾರೂ ತಿಳಿಯಬಾರದೆಂದು ಪ್ರಾರ್ಥಿಸುತ್ತೇನೆ. ಸಿದ್ಧಗಂಗೆಯಲ್ಲಿ ಸಾವಿರಾರು ಬಡ ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಉಂಡು ಓದಿದ್ದನ್ನು, ಶ್ರೀ ಶಿವಕುಮಾರ ಸ್ವಾಮಿಗಳು ತಮ್ಮ ದೀರ್ಘಾಯುಷ್ಯವನ್ನೆಲ್ಲ ಆ ದಾಸೋಹಕ್ಕೆ ತೇದದ್ದನ್ನು ಕಣ್ಣಾರೆ ಕಂಡಿರುವ ನಾಡು ಇದು. ಸರ್ಕಾರವು ಶಾಲೆಗಳನ್ನು ತೆರೆಯುವುದಕ್ಕೆ ಎಷ್ಟೋ ಮೊದಲೇ ಹಳ್ಳಿಯ ಹುಡುಗನಿಗೆ ಅಕ್ಷರವನ್ನೂ ಅನ್ನವನ್ನೂ ಕೊಟ್ಟ ಸಂಸ್ಥೆಗಳನ್ನು ಸಾರ್ವಜನಿಕ ಜೀವನದಿಂದ ಹೊರಗಿಡಬೇಕೆಂಬ ವಾದವನ್ನು ನಾನು ಎಂದಿಗೂ ಒಪ್ಪಲಾರೆನು. ಇಷ್ಟು ದೊಡ್ಡ ಲೋಕಸೇವೆಯನ್ನು ನಡೆಸುವ ಸಂಸ್ಥೆಯು ಲೋಕಕ್ಕೆ ಉತ್ತರ ಹೇಳತಕ್ಕದ್ದೆಂಬುದು ಆ ಗೌರವದಿಂದಲೇ ಹುಟ್ಟಿದ ಅಪೇಕ್ಷೆ.

ಉತ್ತರ ಯಾರಿಗೆ? ಸರ್ಕಾರಕ್ಕೆ ಎನ್ನುವವರಿದ್ದಾರೆ. 1863ರಲ್ಲಿ ಬ್ರಿಟಿಷ್ ಸರ್ಕಾರವು ದೇವಸ್ಥಾನಗಳ ಆಡಳಿತದಿಂದ ಕೈತೊಳೆದುಕೊಂಡದ್ದೂ, ಅನಂತರ ಪ್ರಾಂತ್ಯಗಳ ಶಾಸನಸಭೆಗಳು ಮತ್ತೆ ಕೈಹಾಕಿದ್ದೂ, ನಮ್ಮ ರಾಜ್ಯದ 1997ರ ಧರ್ಮಾದಾಯ ಕಾಯಿದೆಯನ್ನು ಉಚ್ಚ ನ್ಯಾಯಾಲಯವು 2006ರಲ್ಲಿ ಅಸಿಂಧುವೆಂದು ಸಾರಿದ್ದೂ ತಮಗೆ ತಿಳಿದ ಸಂಗತಿಗಳೇ. ಅಧಿಕಾರಿಯು ಭಕ್ತರ ಹೆಸರಿನಲ್ಲಿ ಬರುತ್ತಾನೆ, ಲೆಕ್ಕವು ಕಚೇರಿಗೆ ಹೋಗುತ್ತದೆ, ಭಕ್ತನಿಗೆ ತಲುಪುವುದಿಲ್ಲ. ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಬೇಕೆಂದು ಈಚೆಗೆ ಕೇಳಿಬರುತ್ತಿರುವ ಕೂಗಿನಲ್ಲಿ ನ್ಯಾಯವಿದೆ. ಆದರೆ ಬಿಡಿಸಿ ಯಾರ ಕೈಗೆ ಒಪ್ಪಿಸಬೇಕೆಂದು ಕೇಳಿದರೆ ಬರುವ ಉತ್ತರಗಳು ಅಸ್ಪಷ್ಟ. ಭಕ್ತನನ್ನು ಮರೆಯುವ ಒಂದೇ ತಪ್ಪನ್ನು ಎರಡು ಪಕ್ಷದವರೂ ಹಂಚಿಕೊಂಡಿದ್ದಾರೆಂದು ನನಗೆ ತೋರುತ್ತದೆ.

ಪಂಜಾಬಿನಲ್ಲಿ ಬೇರೊಂದು ಪ್ರಯತ್ನವು ನಡೆಯಿತು. ಗುರುದ್ವಾರಗಳನ್ನು ಸ್ವಂತದ ಆಸ್ತಿಯಂತೆ ಅನುಭವಿಸುತ್ತಿದ್ದ ಮಹಂತರ ವಿರುದ್ಧ ಭಕ್ತರೇ ಎದ್ದು, 1921ರಲ್ಲಿ ನನಕಾನಾ ಸಾಹಿಬಿನಲ್ಲಿ ಪ್ರಾಣಗಳನ್ನೇ ತೆತ್ತು, 1925ರ ಸಿಖ್ ಗುರುದ್ವಾರಾ ಕಾಯಿದೆಯನ್ನು ಪಡೆದರು. ಸಾಮಾನ್ಯ ಸಿಖ್ಖರಿಗೆ, ಸ್ತ್ರೀಯರೂ ಸೇರಿದಂತೆ, ಮತದಾನದಿಂದ ಆಡಳಿತ ಮಂಡಳಿಯನ್ನು ಆರಿಸುವ ಹಕ್ಕು ಅಲ್ಲಿ ಬಂದಿತು. ಮೂರನೆಯ ಕಕ್ಷಿಗೆ ಕಾನೂನು ಕುರ್ಚಿ ಹಾಕಿಕೊಟ್ಟ ಅಪರೂಪದ ನಿದರ್ಶನವಿದು. ಆದರೆ ಕುರ್ಚಿ ಹಾಕಿದೊಡನೆಯೇ, ಅದರಲ್ಲಿ ಕೂರತಕ್ಕವರು ಯಾರೆಂಬ ಜಗಳವೂ ಹುಟ್ಟಿತು. ಸಹಜಧಾರಿ ಸಿಖ್ಖರಿಗೆ ಮತಾಧಿಕಾರವುಂಟೇ ಎಂಬ ವಿವಾದವು ಬಹುಕಾಲ ನಡೆದು, 2016ರ ತಿದ್ದುಪಡಿಯಲ್ಲಿ ಅವರನ್ನು ಹೊರಗಿಟ್ಟು ಮುಗಿಯಿತು. ಆದಕಾರಣ ಮತದಾನವೇ ಸಿದ್ಧೌಷಧವೆಂದು ಹೇಳುವ ಧೈರ್ಯ ನನಗಿಲ್ಲ.

ನನ್ನಿಂದ ಬಿಡಿಸಲಾಗದ ಗಂಟು ಇಲ್ಲಿಯೇ ಇದೆ. ದಕ್ಷಿಣ ಕನ್ನಡದ ಮೂಲ್ಕಿಯನ್ನು ನೋಡಿ. ಅಲ್ಲಿನ ಗೌಡ ಸಾರಸ್ವತರ ಶ್ರೀ ವೆಂಕಟರಮಣ ದೇವಸ್ಥಾನಕ್ಕೆ ಎಲ್ಲ ಹಿಂದುಗಳಿಗೂ ಪ್ರವೇಶವುಂಟೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಮಾನಿಸಿ, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೆ ಮೀಸಲಾಗಿ ಉಳಿಸಿತು. ವ್ಯಾಜ್ಯವು ಮೊಕ್ತೇಸರರಿಗೂ ಸರ್ಕಾರಕ್ಕೂ ನಡುವಣದು. ಅದೇ ಊರಿನಲ್ಲಿ ಬಪ್ಪನಾಡಿನ ಶ್ರೀ ದುರ್ಗಾಪರಮೇಶ್ವರಿಯ ದೇವಸ್ಥಾನವಿದೆ. ಅದನ್ನು ಕಟ್ಟಿಸಿದವನು ಬಪ್ಪ ಬ್ಯಾರಿಯೆಂಬ ಮುಸ್ಲಿಂ ವರ್ತಕನೆಂದು ಐತಿಹ್ಯವು ಹೇಳುತ್ತದೆ. ಇಂದಿಗೂ ಜಾತ್ರೆಯಲ್ಲಿ ಆ ಮನೆತನದವರಿಗೆ ಪ್ರಸಾದದ ಮರ್ಯಾದೆ ಸಲ್ಲುತ್ತದೆ. ಆ ಬ್ಯಾರಿ ಕುಟುಂಬದವರನ್ನು ನಮ್ಮ ಕಾನೂನು ಯಾವ ಪಟ್ಟಿಗೆ ಸೇರಿಸುತ್ತದೆ? ಅವರು ಹಿಂದುಗಳಲ್ಲ, ಮೊಕ್ತೇಸರರಲ್ಲ, ಸರ್ಕಾರದವರಲ್ಲ. ಆದರೂ ಅವರನ್ನು ಬಿಟ್ಟು ಆ ದೇವಸ್ಥಾನದ ಕಥೆಯನ್ನು ಹೇಳಲಾಗದು. ಹಿತಾಸಕ್ತಿಯುಳ್ಳವರೆಂಬುದಕ್ಕೆ ನಾವು ಕೊಡುವ ಲಕ್ಷಣವು ಆ ಮನೆಯವರನ್ನು ಒಳಗೊಳ್ಳಲಾರದಷ್ಟು ಸಂಕುಚಿತವಾದರೆ ಅದು ನಮ್ಮ ನಾಡಿನ ಧರ್ಮಜೀವನವನ್ನು ಅರಿಯದ ಲಕ್ಷಣ. ಯಾರನ್ನಾದರೂ ಒಳಗೊಳ್ಳುವಷ್ಟು ವಿಶಾಲವಾದರೆ, ನಾಳೆ ಯಾವ ನಂಬಿಕೆಯೂ ಇಲ್ಲದವನು ಬಂದು ಗರ್ಭಗುಡಿಯ ಕ್ರಮವನ್ನು ನಿಯಮಿಸುತ್ತೇನೆನ್ನಬಹುದು. ಈ ಎರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯುವುದೆಂದು ನಾನು ಅನೇಕ ವಿಧದಲ್ಲಿ ಯೋಚಿಸಿ ನೋಡಿದ್ದೇನೆ. ಲೆಕ್ಕವನ್ನು ಕೇಳುವ ಹಕ್ಕನ್ನು, ಒಬ್ಬನೇ ಆಗಿದ್ದರೂ, ಕೊಟ್ಟವನಿಗೂ ಉಂಡವನಿಗೂ ಉಳುವವನಿಗೂ ಕೊಡಬೇಕೆಂಬಷ್ಟರ ಮಟ್ಟಿಗೆ ನನಗೆ ಸಂಶಯವಿಲ್ಲ. ಪೂಜೆಯ ವಿಧಿಯನ್ನು ಕುರಿತು ನುಡಿಯುವ ಹಕ್ಕು ಯಾರದೆಂಬಲ್ಲಿ ನನ್ನ ಬುದ್ಧಿಯು ನಿಲ್ಲುತ್ತದೆ.

ಇಂದು ಅಪರಾಹ್ಣದ ಗೋಷ್ಠಿಯು ಧರ್ಮಾದಾಯಗಳ ಆಡಳಿತವನ್ನು ಕುರಿತದ್ದೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಕಂಡಿದ್ದೇನೆ. ಅದರ ಅಧ್ಯಕ್ಷರಲ್ಲಿ ನನ್ನದೊಂದು ವಿನಂತಿ: 92ನೆಯ ಸೆಕ್ಷನ್ನಿನ ಇಬ್ಬರೆಂಬ ನಿಯಮವನ್ನು ತೆಗೆದುಹಾಕಬಹುದೇ ಎಂಬುದನ್ನು ಮೊದಲು ಚರ್ಚಿಸಿ, ಮಠಮಂದಿರಗಳ ವಾರ್ಷಿಕ ಲೆಕ್ಕವನ್ನು ಊರಿನ ಮುಂದೆ ಓದಿ ಹೇಳುವ ಪದ್ಧತಿಯನ್ನು ಕಾನೂನಿನಲ್ಲಿ ಸೇರಿಸಲು ಸಾಧ್ಯವೇ ಎಂಬುದನ್ನು ಅನಂತರ ಚರ್ಚಿಸಿ, ಸಾರವನ್ನು ಕುರಿತ ಸಿದ್ಧಾಂತ ವಿಚಾರವು ನಾಳೆಗೆ ಇರಲಿ.