ಕೀಳದೆ ಬಿಟ್ಟ ಹೂವು



ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಎಡೆಲ್‌ವೈಸ್ ಎಂಬ ಪುಟ್ಟ ಬಿಳಿ ಹೂವಿದೆ. ಸುಮಾರು 1,800ರಿಂದ 3,000 ಮೀಟರ್ ಎತ್ತರದಲ್ಲಿ, ಸುಣ್ಣಕಲ್ಲಿನ ಬಂಡೆಗಳ ಸಂದಿಯಲ್ಲಿ ಅದು ಬೆಳೆಯುತ್ತದೆ. ನಾವು ಬಿಳಿ ದಳಗಳೆಂದು ತಿಳಿಯುವುದು ಅದರ ಎಲೆಗಳನ್ನು. ನಿಜವಾದ ಹೂಗಳು ನಡುವಿನ ಹಳದಿ ಗುಚ್ಛಗಳಲ್ಲಿವೆ. ಎಲೆಗಳ ಮೇಲೆ ಉಣ್ಣೆಯಂತಹ ದಟ್ಟ ರೋಮವಿದ್ದು, ಚಳಿ, ಒಣಗಾಳಿ ಮತ್ತು ಎತ್ತರದ ಪ್ರಖರ ಬಿಸಿಲಿನಿಂದ ಗಿಡವನ್ನು ಕಾಪಾಡುತ್ತದೆ. ಮನುಷ್ಯರು ಅಪರೂಪಕ್ಕೆ ಕಾಲಿಡುವ ಬಂಡೆಯ ಮೇಲಿನ ಗಿಡಕ್ಕೂ ಅಲ್ಲಾಹನು ಕಂಬಳಿ ಹೊದಿಸಿದ್ದಾನೆ. ಅವನು ಯಾವುದನ್ನೂ ವ್ಯರ್ಥವಾಗಿ ಸೃಷ್ಟಿಸಿಲ್ಲ.

ಆದರೆ ಮನುಷ್ಯ ಏನು ಮಾಡಿದ? ಪ್ರಪಾತದಿಂದ ಈ ಹೂವನ್ನು ಕಿತ್ತು ತಂದು ಪ್ರೀತಿಸಿದವಳಿಗೆ ಕೊಡುವುದೇ ಧೈರ್ಯದ ಗುರುತೆಂದು ಅಲ್ಲಿನ ಯುವಕರು ಭಾವಿಸಿದರು. ಹಾಗೆ ಹೋದ ಕೆಲವರು ಜಾರಿ ಬಿದ್ದು ಸತ್ತರು. ಪ್ರವಾಸಿಗರ ಆಸೆಗಾಗಿ ಗಿಡಗಳನ್ನು ಬೇರುಸಹಿತ ಕಿತ್ತರು. ಕೊನೆಗೆ 1878ರಲ್ಲಿ ಸ್ವಿಟ್ಜರ್ಲೆಂಡಿನ ಓಬ್‌ವಾಲ್ಡೆನ್ ಪ್ರಾಂತ್ಯವು ಅದನ್ನು ರಕ್ಷಿಸಲು ಕಾನೂನು ತರಬೇಕಾಯಿತು.

ಸಹೋದರರೇ, ಈ ಪಾಠ ನಮಗೆ ಹೊಸತಲ್ಲ. ಮಕ್ಕಾ ವಿಜಯದ ಸಂದರ್ಭದಲ್ಲಿ ಪ್ರವಾದಿ(ಸ)ರು ಹರಮ್‌ನ ಗಿಡಗಳನ್ನು ಕಡಿಯಬಾರದೆಂದು ಘೋಷಿಸಿದರು. ಆಗ ಅಬ್ಬಾಸ್(ರ)ರು ಇಝ್‌ಖಿರ್ ಎಂಬ ಹುಲ್ಲಿಗೆ ವಿನಾಯಿತಿ ಕೇಳಿದರು. ಮನೆಗಳಿಗೂ ಗೋರಿಗಳಿಗೂ ಜನರಿಗೆ ಅದು ಬೇಕಾಗಿತ್ತು. ಪ್ರವಾದಿ(ಸ)ರು ಒಪ್ಪಿದರು. ಅಗತ್ಯಕ್ಕೆ ಅವಕಾಶ ಸಿಕ್ಕಿತು, ಬರೀ ಆಸೆಗೆ ಸಿಗಲಿಲ್ಲ. ಇಂದಿಗೂ ಲಕ್ಷಾಂತರ ಹಾಜಿಗಳು ಆ ನೆಲದಲ್ಲಿ ತಾನಾಗಿ ಬೆಳೆದ ಗಿಡವನ್ನು ಕೀಳದೆ ಮರಳುತ್ತಾರೆ. ಕೈಗೆಟಕುವುದನ್ನು ಅಲ್ಲಾಹನಿಗಾಗಿ ಬಿಟ್ಟುಬಿಡುವುದೂ ಇಬಾದತ್ತೇ ಎಂದು ನಾವು ಅದರಿಂದ ಕಲಿಯುತ್ತೇವೆ.

ಮಳೆಗಾಲ ಬಂತೆಂದರೆ ನಮ್ಮ ಮಕ್ಕಳೂ ಜಲಪಾತಗಳಿಗೆ, ಬೆಟ್ಟಗಳಿಗೆ ಹೊರಡುತ್ತಾರೆ. ಹೋಗಲಿ, ಅಲ್ಲಾಹನ ಸೃಷ್ಟಿಯನ್ನು ನೋಡಲಿ. ಆದರೆ ಒಂದು ಫೋಟೋಗಾಗಿ ಪಾಚಿ ಕಟ್ಟಿದ ಬಂಡೆಯ ಅಂಚಿಗೆ ಹೋಗುವುದು ಧೈರ್ಯವಲ್ಲ. ಜೀವವು ಅಲ್ಲಾಹನು ನಮಗೆ ವಹಿಸಿದ ಅಮಾನತ್. ಅದನ್ನು ನಮ್ಮ ಕೈಯಾರೆ ನಾಶಕ್ಕೆ ತಳ್ಳುವುದನ್ನು ಕುರ್‌ಆನ್ ತಡೆದಿದೆ. ಗೆಳೆಯನೊಬ್ಬ ಅಂಚಿಗೆ ಹೋದರೆ ಮೊಬೈಲ್ ಎತ್ತಬೇಡಿ, ಅವನ ಕೈ ಹಿಡಿದು ಹಿಂದಕ್ಕೆ ಕರೆಯಿರಿ. ಹೆತ್ತವರೂ ಹೊರಡುವ ಮುನ್ನವೇ ಈ ಮಾತನ್ನು ಮಕ್ಕಳಿಗೆ ಪ್ರೀತಿಯಿಂದ ಹೇಳಬೇಕು. ಮನೆಯಲ್ಲಿ ಕಾಯುತ್ತಿರುವ ತಾಯಿಗೆ ಮಗನ ಸಾಹಸ ಬೇಕಿಲ್ಲ, ಅವನು ಮರಳಿ ಬಂದರೆ ಸಾಕು.

ಸೌಂದರ್ಯವನ್ನು ಕಂಡಾಗ ಸುಬ್‌ಹಾನಲ್ಲಾಹ್ ಎಂದು ಹೇಳಿ, ಅದನ್ನು ಇದ್ದಲ್ಲೇ ಬಿಟ್ಟು ಬರುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.