ಜಾತಿ ಕೇಳುವ ಮುಂಚೆ

1901ನೇ ಇಸವಿ. ಇಂದಿನ ಮಹಾರಾಷ್ಟ್ರದ ಮಸೂರ್ ರೈಲು ನಿಲ್ದಾಣದಲ್ಲಿ ಮಕ್ಕಳ ಒಂದು ಗುಂಪು ಇಳಿಯಿತು. ಹೊಸ ಅಂಗಿ, ರೇಷ್ಮೆ ಅಂಚಿನ ಧೋತರ, ಮಿನುಗುವ ಟೋಪಿ. ಅಪ್ಪನನ್ನು ಕಾಣುವ ಸಡಗರ. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರರು ಅಕ್ಕರೆಯಿಂದಲೇ ವಿಚಾರಿಸಿದರು. ‘ನಾವು ಮಹಾರರು’ ಎಂದು ಮಕ್ಕಳು ಹೇಳಿದರು. ಆಗ ಅಸ್ಪೃಶ್ಯರೆಂದು ಎಣಿಸುತ್ತಿದ್ದ ಜಾತಿ ಅದು. ಕೂಡಲೇ ಮಾಸ್ತರರ ಮುಖ ಬದಲಾಯಿತು.

ಅವರನ್ನು ಕರೆದೊಯ್ಯಲು ಗಾಡಿಯವರು ಮೊದಲು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಇಮ್ಮಡಿ ಬಾಡಿಗೆ, ಗಾಡಿ ಹೊಡೆಯಬೇಕಾದವರು ಮಕ್ಕಳೇ! ಅವನು ಪಕ್ಕದಲ್ಲಿ ನಡೆದು ಬಂದ. ಬುತ್ತಿ ತುಂಬ ಊಟವಿತ್ತು, ಕುಡಿಯಲು ನೀರು ಸಿಗಲಿಲ್ಲ. ನೀರಿಲ್ಲದೆ ಉಣ್ಣಲಾಗದೆ ಹಸಿದೇ ರಾತ್ರಿ ಕಳೆದರು.

ಅವರಲ್ಲೊಬ್ಬ ಸುಮಾರು ಒಂಬತ್ತು ವರ್ಷದ ಭೀಮರಾವ್. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದ ಅಂಬೇಡ್ಕರ್, ಈ ಪ್ರಸಂಗವನ್ನು ತಾವೇ ಬರೆದಿಟ್ಟಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಆ ಮಾಸ್ತರರ ಮುಖ. ಅವರಲ್ಲಿ ಕರುಣೆಯಿತ್ತು, ಜಾತಿ ತಿಳಿಯುವವರೆಗೆ ಮಾತ್ರ! ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ಆದರೂ ಎಷ್ಟೋ ಕಡೆ ಕೆಲಸದವರ ಲೋಟ ಇಂದಿಗೂ ಬೇರೆಯೇ. ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ.

ಇವತ್ತು ಮನೆಗೆ ಯಾರೇ ಬರಲಿ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ. ಮಕ್ಕಳ ಕೈಯಲ್ಲೇ ಕೊಡಿಸಿ.