ಪದ ಬಿಡದೆ ಅರ್ಥ ಹೇಳೋಣ

ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದು ಸೇರಿರುವ ಅಧ್ಯಾಪಕ ಬಂಧುಗಳೇ,

ಬೆಳ್ತಂಗಡಿ ದಾಟಿ ಚಾರ್ಮಾಡಿಗೆ ಬರುವಾಗ ನಿಮ್ಮಲ್ಲಿ ಹಲವರು ಗಡಾಯಿಕಲ್ಲನ್ನು ಕಂಡಿರುತ್ತೀರಿ. ಅದರ ನೆತ್ತಿಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ. ಇದೇ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಅಲ್ಲಿನ ಅರಸ ವೀರ ತಿಮ್ಮಣ್ಣ ಅಜಿಲರು ಗೊಮ್ಮಟನನ್ನು ನಿಲ್ಲಿಸಿದರು. ನಡುವೆ 190 ವರ್ಷ. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದರೆ ಏನು ಮಾತಾಡಿಯಾರು?

ಏಳನೇ ತರಗತಿಯ ಮಕ್ಕಳ ಮುಂದೆ ಒಮ್ಮೆ ಈ ಪ್ರಶ್ನೆ ಇಟ್ಟೆ. ಬೈರಾಸನ್ನು ರುಮಾಲು ಮಾಡಿಕೊಂಡು ಒಬ್ಬಳು ಹುಡುಗಿ ಟಿಪ್ಪುವಾದಳು. ಅಜಿಲನಾದ ಹುಡುಗ ಕೇಳಿದ: "ನಾನು ಕಲ್ಲಿನಿಂದ ಬೇಡದ್ದನ್ನೆಲ್ಲ ತೆಗೆಸಿದೆ. ನೀವು?" ಅವಳು ಎದೆಯುಬ್ಬಿಸಿ, "ನಾನು ಫಿರಂಗಿಯನ್ನೂ ಕಲ್ಲಿನ ಮೇಲೆ ಹೊರಿಸಿದೆ" ಎಂದಳು. ತರಗತಿ ನಕ್ಕಿತು. ಆಗ ಹಿಂದಿನ ಬೆಂಚಿನಿಂದ, ಪಾತ್ರವೇ ಇಲ್ಲದ ಹುಡುಗನೊಬ್ಬ ಕೂಗಿದ: "ಹೊತ್ತವರಿಗೆ ಊಟ ಯಾರು ಹಾಕಿದ್ದು?" ಮರುದಿನದ ಪಾಠ ಆ ಪ್ರಶ್ನೆಯಿಂದಲೇ ಶುರುವಾಯಿತು. ತೆರಿಗೆ, ಬಿಟ್ಟಿ ಕೆಲಸ, ಅಕ್ಕಿ ಕಣಜ ಎಲ್ಲವೂ ಅದರ ಬೆನ್ನಿಗೇ ಬಂದವು.

ಹಿಂದಿನವರಿಗೆ ಹೀಗೆ ಮಾತು ಕಟ್ಟುವ ವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದವನ್ನು ಅರ್ಥಧಾರಿ ಬದಲಿಸುವಂತಿಲ್ಲ. ಅದರ ಅರ್ಥವನ್ನು ಮಾತ್ರ ಕೂತಲ್ಲೇ ಕಟ್ಟಿ ಎಷ್ಟು ಬೇಕಾದರೂ ಬೆಳೆಸಬಹುದು. ಎಂಥ ವಾಗ್ಮಿ ಕರ್ಣನ ಅರ್ಥ ಹೇಳಿದರೂ ಕರ್ಣಪರ್ವದಲ್ಲಿ ಕರ್ಣ ಗೆಲ್ಲುವುದಿಲ್ಲ. ಇತಿಹಾಸದ ತರಗತಿಗೂ ನನಗೆ ಬೇಕಾದ ಕಟ್ಟುಪಾಡು ಇದೇ. ಇಸವಿ, ಊರು, ಶಾಸನ, ದಾಖಲೆ ಇವು ಪದ. ನಗು, ಜಗಳ, ಮರುಮಾತು ಇವು ಅರ್ಥ. ಇನ್ನು ಬಯಲಾಟದಲ್ಲಿ ರಾಜನನ್ನೇ ತಡೆದು ನಿಲ್ಲಿಸಿ ನೋಡುವವರ ಮನಸ್ಸಿನ ಮಾತು ಕೇಳಬಲ್ಲವನು ಹಾಸ್ಯಗಾರ. ಹಿಂದಿನ ಬೆಂಚಿನ ಆ ಹುಡುಗ ಮಾಡಿದ್ದೂ ಅವನ ಕೆಲಸವನ್ನೇ. ಆದ್ದರಿಂದ ನಾವು ಮಾತಿಗೆ ಕೂರಿಸುವ ಪ್ರತಿ ಜೋಡಿಗೂ ಮೂರನೆಯವನೊಬ್ಬ ಇರಲೇಬೇಕು.

ಕೆಲವು ಜೋಡಿಗಳನ್ನು ಇತಿಹಾಸವೇ ಮಾಡಿಟ್ಟಿದೆ. 1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಾಣಲು ಮಣೇಲಿಗೆ ಬಂದ. ಕಂಡದ್ದು ದಾರಿಯಲ್ಲಿ. ರಾಣಿ ಬರಿಗಾಲು, ಸೊಂಟಕ್ಕೆ ದಪ್ಪ ಹತ್ತಿಬಟ್ಟೆ, ಮೇಲೆ ಹಿಡಿದದ್ದು ಓಲೆಕೊಡೆ. ಹೊರಟದ್ದು ಕಾಲುವೆ ಅಗೆಯುವ ಕೆಲಸ ನೋಡಲು. ಅಡುಗೆಯವಳಂತೆ ಕಂಡಳು ಎಂದು ಬರೆದ ಅದೇ ಮನುಷ್ಯ, ಆಕೆಯ ಮಾತಿನ ಘನತೆಗೆ ಮನಸೋತದ್ದನ್ನೂ ಬರೆದಿದ್ದಾನೆ. "ಸ್ವಾಮೀ, ಕೆಸರು, ಆಚೆ ನಿಲ್ಲಿ" ಎಂದು ನಮ್ಮ ಮಕ್ಕಳ ರಾಣಿ ಹೇಳಿದರೆ ಹೇಳಲಿ. ಆ ಮಾತು ದಾಖಲೆಯಲ್ಲಿಲ್ಲ, ಕಾಲುವೆ ದಾಖಲೆಯಲ್ಲಿದೆ. ಎರಡರ ವ್ಯತ್ಯಾಸ ಆಡುವ ಮಗುವಿಗೆ ಗೊತ್ತಿದ್ದರೆ ಸಾಕು.

ಒಂದು ಎಚ್ಚರದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಕರಾವಳಿಯಲ್ಲಿ ಟಿಪ್ಪುವಿನ ಹೆಸರು ಒಂದೊಂದು ಮನೆಯಲ್ಲಿ ಒಂದೊಂದು ನೆನಪು. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕ್ರೈಸ್ತರ ವಂಶದ ಮಕ್ಕಳು ನಮ್ಮ ಬೆಂಚುಗಳಲ್ಲಿದ್ದಾರೆ. ಅವನನ್ನು ಮನಸಾರೆ ಮೆಚ್ಚುವ ಮನೆಗಳ ಮಕ್ಕಳೂ ಅವರ ಪಕ್ಕದಲ್ಲೇ ಕೂತಿದ್ದಾರೆ. ರಾಜನ ಡೌಲನ್ನು ನೋಡಿ ನಗೋಣ, ಸೆರೆಯಾದವರ ನಡಿಗೆಯನ್ನಲ್ಲ. ಆ ಭಾಗ ಬಂದಾಗ ಮದ್ದಳೆ ನಿಲ್ಲಲಿ, ಮೇಷ್ಟ್ರೇ ಕೂತು ಕಥೆ ಹೇಳಲಿ.

ಇನ್ನು ಮೊದಲ ಗೋಷ್ಠಿಯ ಕೆಲಸ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕಲ್ಲಿನಲ್ಲಿ ಒಂದು ಜಿರಾಫೆ ಇದೆ. ನಮ್ಮ ಕಾಡಿನ ಪ್ರಾಣಿಯಲ್ಲ ಅದು. ಕಡಲಾಚೆಗೆ ಹೋಗಿ ಬಂದ ವರ್ತಕನೊಬ್ಬ ಶಿಲ್ಪಿಯ ಮುಂದೆ ಕೂತು ಆ ಕತ್ತಿನ ಉದ್ದವನ್ನು ಕೈಯಲ್ಲಿ ತೋರಿಸುತ್ತಿದ್ದಾನೆ, ಶಿಲ್ಪಿ ನಂಬುತ್ತಿಲ್ಲ ಎಂದಿಟ್ಟುಕೊಳ್ಳಿ. ಊಟದ ಗಂಟೆಯೊಳಗೆ ಅವರಿಬ್ಬರಿಗೂ ಮಾತು ಬರೆಯೋಣ. ಉಳಿ ಹರಿತ ಮಾಡುತ್ತಾ ಪಕ್ಕದಲ್ಲಿ ಕೂತ ಹುಡುಗನಿಗೂ ಒಂದು ಪ್ರಶ್ನೆ ಇರಲಿ.